ಜಾಲಿಯ ಮುಳ್ಳು, ಬೆಳ್ಳಿಯ ಕಸ

ಲವಂಗದ ಎಣ್ಣೆಯ ವಾಸನೆ ಬಂದರೆ ಉಳಿದವರಿಗೆ ಹಲ್ಲುನೋವು ನೆನಪಾಗುತ್ತದೆ. ನನಗೆ ಹತ್ತು ಕರಿ ಬೆರಳು ನೆನಪಾಗುತ್ತವೆ.

ಹೋದ ವಾರ ಮಾಮು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಸಿಂದಗಿಯಿಂದ ನಾನು ಕೆಲಸ ಮಾಡುವ ಆಸ್ಪತ್ರೆಗೆ ಬಂದ. ಮಾಮು ಅಂದರೆ ನನ್ನ ತಾಯಿಯ ಅಣ್ಣ. ನಮ್ಮೂರು ಇಂಡಿಯಿಂದ ಕಾಲೇಜಿಗೆಂದು ಸಿಂದಗಿಗೆ ಹೋದಾಗ ನಾನು ಇದ್ದದ್ದು ಅವನ ಮನೆಯಲ್ಲೇ. ಅವನ ಕೈಯಲ್ಲಿ ಕೆಂಪು ಅಂಚಿನ ಟಾವೆಲ್ಲಿನಲ್ಲಿ ಕಟ್ಟಿದ ಒಂದು ಗಂಟಿತ್ತು. ಬಿಚ್ಚಿದರೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳ ಎತ್ತುವುದೇ ತಡ, ಲವಂಗ. ಅದರ ಹಿಂದೆ, ಸ್ವಲ್ಪ ತಡವಾಗಿ, ಗೋಂದಿನಂಥ ಇನ್ನೊಂದು ವಾಸನೆ. ಅರಿವೆಯ ಚೂರುಗಳ ನಡುವೆ ಒಂದೇ ಒಂದು ಗಾಜಿನ ಪಟ್ಟಿ ಮಲಗಿತ್ತು. ಅದರ ಮೇಲೆ ಹಳದಿ ಕಲೆ, ಕಲೆಯೊಳಗೆ ಸೂಜಿಮೊನೆಯಷ್ಟು ಕಪ್ಪು.

"ನಿಮ್ಮ ಸರ್‍ದು" ಅಂದ ಮಾಮು. "ಅವರ ತಮ್ಮ ಸಂತ್ಯಾಗ ಕೊಟ್ಟ. ಮನಿ ಮಾಳಗಿ ತೆಗೆಯುವಾಗ ಸಿಕ್ಕಿತಂತ. ಒಳಗ ಚೀಟಿ ಐತಿ. ನನಗ ಓದಾಕ ಕಣ್ಣಿಲ್ಲ, ನೀನ ಓದು."

ಚೀಟಿಯನ್ನು ಆಗ ಓದಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ. ನೆನಪು ಪುರಾವೆಯಲ್ಲ ಎಂದು ವಾದಿಸಿ ಒಮ್ಮೆ ಬಹುಮಾನ ಗೆದ್ದವಳು ನಾನು. ಹಾಗಾಗಿ ಇಲ್ಲಿ ಬರೆಯುವುದನ್ನು ಅಷ್ಟೇ ಬೆಲೆಗೆ ತೆಗೆದುಕೊಳ್ಳಿ.

ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು. ಸರ್ ನಮಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಇಂಗಳೇಶ್ವರದ ಕಡೆಯವರು, ಮೂವತ್ತು ದಾಟಿರಲಿಲ್ಲ, ಕೊರಳಲ್ಲಿ ಲಿಂಗ, ಕಾಲಲ್ಲಿ ಟೈರಿನ ಚಪ್ಪಲಿ. ಮೊದಲ ವಾರದ ತರಗತಿಯಲ್ಲೇ ಅವರು ಕರಿಹಲಗೆಯ ಮೇಲೆ ಒಂದು ಓರೆ ಗೆರೆ ಎಳೆದು, "ನಿಮ್ಮ ತಲೀ ಹಿಂದ, ಜಡಿ ಸುರುವಾಗೂ ಜಾಗಾದಾಗ, ಈ ಗೆರಿಗಷ್ಟ ಓಗೊಡೂ ಜೀವಕೋಶ ಅದಾವು. ನೆಟ್ಟಗಿನ ಗೆರಿ ತೋರಿಸಿದ್ರ ಸುಮ್ಮಿರ್ತಾವು. ಅಡ್ಡ ಗೆರಿ ತೋರಿಸಿದ್ರೂ ಸುಮ್ಮಿರ್ತಾವು. ಹಿಂಗ ವಾಲಿದ್ದು ಕಂಡ್ರ ಸಾಕು, ಪಟಪಟ ಅಂತಾವು" ಎಂದರು.

ನಾನು ಎದ್ದು ನಿಂತೆ. "ಅದನ್ನ ಕೇಳಿದವರು ಯಾರ್ರಿ ಸರ್?"

"ಬೆಕ್ಕಿನ ತಲ್ಯಾಗ ಸೂಜಿ ಇಟ್ಟು ಕೇಳಿದವರು ಅದಾರು."

"ಬೆಕ್ಕಿನ ತಲ್ಯಾಗ ಕೇಳಿದ್ದು ನಮ್ಮ ತಲೀಗೆ ಹ್ಯಾಂಗ ಹತ್ತತೈತ್ರಿ?"

ತರಗತಿ ನಕ್ಕಿತು. ಹುಡುಗಿಯರು ನಾಲ್ಕೇ ಮಂದಿ ಇದ್ದ ಆ ಕಾಲೇಜಿನಲ್ಲಿ ಒಬ್ಬಳು ಎದ್ದು ನಿಂತು ಮಾಸ್ತರರಿಗೆ ಅಡ್ಡ ಮಾತಾಡುವುದೇ ಒಂದು ಮೋಜು. ಸರ್ ನಗಲಿಲ್ಲ, ಬೈಯಲೂ ಇಲ್ಲ. ಸೀಮೆಸುಣ್ಣವನ್ನು ಕೈಯಲ್ಲಿ ತಿರುವುತ್ತ, "ಬರೋಬ್ಬರಿ ಕೇಳಿದಿ. ಹತ್ತತೈತಿ ಅಂತ ನಾ ನಂಬೇನಿ, ಅಷ್ಟ. ಕುಂದ್ರವ್ವಾ ಎದುರು ಪಕ್ಷ" ಅಂದರು. ಅಂದಿನಿಂದ ಅವರು ನನ್ನನ್ನು ಹೆಸರಿನಿಂದ ಕರೆದದ್ದು ಹಾಜರಿ ತೆಗೆದುಕೊಳ್ಳುವಾಗ ಮಾತ್ರ. ಉಳಿದ ಹೊತ್ತೆಲ್ಲ ನಾನು ಎದುರು ಪಕ್ಷ.

ಅವರಿಗೊಂದು ಹುಚ್ಚಿತ್ತು. ಪುಸ್ತಕದಲ್ಲಿ ನರಕೋಶಕ್ಕೆ ಒಂದು ಕಾಯ, ಅದರಿಂದ ಹೊರಟ ಡೆಂಡ್ರೈಟುಗಳು ಎಂದು ಬರೆದಿತ್ತು. ಸರ್ ಕಾಯಕ್ಕೆ ಮೈ ಅಂದರು, ಡೆಂಡ್ರೈಟಿಗೆ ಟೊಂಗಿ ಅಂದರು. ನಮಗೂ ಅದೇ ರೂಢಿಯಾಯಿತು. ಪುಸ್ತಕದ ಪ್ರಕಾರ ಟೊಂಗಿಗಳು ಬರೀ ಕೊಳವೆ. ಎಲ್ಲೆಲ್ಲಿಂದಲೋ ಬಂದ ಸುದ್ದಿಯನ್ನು ಮಾಳಿಗೆಯ ದೋಣಿ ಮಳೆನೀರು ಸುರಿಸಿದ ಹಾಗೆ ಮೈಯೊಳಗೆ ಸುರಿಯುತ್ತವೆ. ಮೈ ಎಲ್ಲವನ್ನೂ ಕೂಡಿಸುತ್ತದೆ, ತುಂಬಿ ಬಂದರೆ ಕೂಗುತ್ತದೆ, ಇಲ್ಲದಿದ್ದರೆ ಇಲ್ಲ. ಸರ್‌ಗೆ ಇದು ಒಪ್ಪಿಗೆಯಿರಲಿಲ್ಲ. ಒಂದು ಕೋಶದ ಟೊಂಗಿಗಳ ಮೇಲೆ ಸಾವಿರಾರು ಮಂದಿ ಬಂದು ಪಿಸುಗುಟ್ಟುತ್ತಾರೆ, ಓರೆಯವರು, ನೆಟ್ಟಗಿನವರು, ಅಡ್ಡದವರು... ಕೊನೆಗೆ ಮೈ ಕೂಗುವುದು ಒಂದೇ ಓರೆಗೆ. ಹಾಗಾದರೆ ಉಳಿದವರ ಮಾತನ್ನು ತಳ್ಳಿ ಹಾಕಿದವರು ಯಾರು? ಮೈಯೋ, ಟೊಂಗಿಯೋ? ಮುನ್ನೂರು ರೂಪಾಯಿ ಪಗಾರದ ಉಪನ್ಯಾಸಕ ಈ ಚಿಂತೆಯಲ್ಲಿ ಊಟ ಬಿಡುತ್ತಿದ್ದರು ಎಂದರೆ ಯಾರೂ ನಂಬುವುದಿಲ್ಲ. ನಾನು ನೋಡಿದ್ದೇನೆ.

ನೋಡಲು ಅವರಿಗೆ ಮಿದುಳು ಬೇಕಿತ್ತು. ಮಾಮುವಿನದು ಮಟನ್ ಅಂಗಡಿ. ಹೀಗೆ ನಾನು ನಡುವೆ ಬಂದೆ.

ಶಾಕಾಹಾರದ ಮನೆತನದ ಮನುಷ್ಯ ಮಾಮುವಿನ ಅಂಗಡಿಯ ಮುಂದೆ ಮೊದಲ ಸಲ ಬಂದು ನಿಂತದ್ದು ಇನ್ನೂ ಕಣ್ಣಲ್ಲಿದೆ. ಮುಖ ರಸ್ತೆಯ ಕಡೆ, ಮಾತು ಅಂಗಡಿಯ ಕಡೆ. "ಸಾಹೇಬ್ರ, ಆಡಿನ ತಲೀದು ಹಿಂದಿನ ಭಾಗ ಅಷ್ಟ ಬೇಕಾಗಿತ್ತು. ಬಿಸಿ ಇದ್ದಾಗ."

ಮಾಮು ಕತ್ತಿ ಒರೆಸುತ್ತ ನನ್ನ ಕಡೆ ನೋಡಿದ. "ಭೇಜಾ ಫ್ರೈ ಮಾಡ್ತೀರೇನ್ರಿ ಸರ್?"

"ಇಲ್ರಿ. ಬೆಳ್ಳ್ಯಾಗ ನೆನಿ ಹಾಕ್ತೇನಿ."

ಮಾಮುವಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಅವತ್ತಿನಿಂದ ಸರ್ ಅವನಿಗೆ ಬೆಳ್ಳಿ ಮಾಸ್ತರು.

ಕೆಲಸ ಮಾಡುವ ಬಗೆ ಹೀಗಿತ್ತು. ಮಿದುಳಿನ ಚೂರನ್ನು ಮೊದಲು ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣದಲ್ಲಿ ಕೆಲವು ದಿನ ಇಡಬೇಕು. ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಕತ್ತಲೆಯಲ್ಲಿಡಬೇಕು. ಕ್ಷೌರದ ಬ್ಲೇಡಿನಿಂದ ತೆಳ್ಳಗೆ ಹೆರೆದು, ಲವಂಗದ ಎಣ್ಣೆಯಲ್ಲಿ ಅದ್ದಿ ಪಾರದರ್ಶಕ ಮಾಡಿ ಗಾಜಿಗೆ ಅಂಟಿಸಬೇಕು. ಇದರ ವಿಚಿತ್ರವೆಂದರೆ ಬೆಳ್ಳಿ ಎಲ್ಲ ಕೋಶಗಳಿಗೂ ಹತ್ತುವುದಿಲ್ಲ. ನೂರರಲ್ಲಿ ಒಂದೋ ಎರಡೋ, ಅದೂ ತನಗೆ ಬೇಕಾದವು. ಆದರೆ ಹತ್ತಿದ್ದಕ್ಕೆ ತುದಿಯಿಂದ ಬುಡದವರೆಗೆ ಹತ್ತುತ್ತದೆ. ಎಲ್ಲವಕ್ಕೂ ಹತ್ತಿದ್ದರೆ ಬರೀ ಕಪ್ಪು ಮುದ್ದೆ ಕಾಣುತ್ತಿತ್ತು. ಯಾಕೆ ಒಂದಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತುವುದಿಲ್ಲ ಎಂದು ಕೇಳಿದ್ದೆ. "ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿವಸ ಹೇಳ್ತೇನಿ" ಅಂದಿದ್ದರು. ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆ ಸಿಲ್ವರ್ ನೈಟ್ರೇಟು ಕೈಗೆ ಹತ್ತಿದರೆ ಚರ್ಮ ಕಪ್ಪಾಗುತ್ತದೆ, ತಿಂಗಳಾದರೂ ಹೋಗುವುದಿಲ್ಲ. ಎಪ್ಪತ್ತೊಂದರ ಚುನಾವಣೆ ಆಗಷ್ಟೇ ಮುಗಿದಿತ್ತು. ಅವರ ಕೈ ಕಂಡಾಗಲೆಲ್ಲ ಮಾಮು, "ಸರ್ರ, ಹತ್ತೂ ಬೆರಳಿಗೆ ಓಟು ಹಾಕಿ ಬಂದೀರಿ, ಯಾರಾದ್ರೂ ಗೆದ್ದರೋ ಇಲ್ಲೋ?" ಅನ್ನುತ್ತಿದ್ದ.

ಅವರು ಬಾಡಿಗೆಗಿದ್ದ ಮನೆಯ ಒಡತಿ ಮಡಿಯ ಮುದುಕಿ. ಕೋಣೆಯಿಂದ ಬರುವ ಲವಂಗದ ಘಮಕ್ಕೆ ಆಕೆ, ಪಾಪ, ಮಾಸ್ತರು ಒಂಟಿಯಾಗಿದ್ದರೂ ಚಂದ ಅಡುಗೆ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಒಂದು ದಿನ ದವಡೆ ಹಿಡಿದುಕೊಂಡು ಬಂದು ಲವಂಗದ ಎಣ್ಣೆ ಕೇಳಿದರಂತೆ. ಸರ್ ಹತ್ತಿಯನ್ನು ಅದರಲ್ಲಿ ಅದ್ದಿ ಕೊಟ್ಟರು, ನೋವು ನಿಂತಿತು. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಸಂಜೆ ತಾವಾಗಿಯೇ ಹೋಗಿ, "ಅವ್ವಾರ, ಒಂದು ಮಾತು ಹೇಳಬೇಕು. ಇದ ಶೀಶೆದಾಗಿನ ಎಣ್ಣಿ ನಾ ಆಡಿನ ಮಿದುಳಿಗೂ ಹಚ್ಚತೇನಿ" ಅಂದರು. ಮುದುಕಿ ಮನೆಯೆಲ್ಲ ಗೋಮೂತ್ರ ಚಿಮುಕಿಸಿ, ಅವರ ಶೀಶೆ ಡಬ್ಬಿಗಳನ್ನು ಹಿತ್ತಲ ದನದ ಕೊಟ್ಟಿಗೆಗೆ ಸಾಗಿಸಿದರು. ಮನೆ ಮಾತ್ರ ಬಿಡಿಸಲಿಲ್ಲ. ಹಲ್ಲುನೋವು ನಿಜವಾಗಿಯೂ ಹೋಗಿತ್ತು.

"ಸುಮ್ಮಿದ್ದಿದ್ರ ಆಗ್ತಿತ್ತಲ್ರಿ ಸರ್" ಅಂದೆ.

"ಕೇಳಿದ್ರ ಸುಳ್ಳು ಹೇಳಬೇಕಾಗ್ತಿತ್ತಲ್ಲವ್ವಾ."

"ಅವರು ಕೇಳಿರಲಿಲ್ಲಲ್ರಿ!"

"ಹೌದು. ಆದ್ರ ನಾ ಕೇಳಿಕೊಂಡೆ."

ಇಂಥ ಉತ್ತರಕ್ಕೆ ಎದುರು ಪಕ್ಷ ಏನು ಮಾಡಬೇಕು? ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಆದರೆ ಅದು ಬೇರೆ ತರದ್ದು.

ಒಂದು ಸಂತೆಯ ದಿನ ಅವರು ಆಡಿನ ಸಾಲು ನೋಡಲು ಬಂದರು. ನಮ್ಮ ಕಡೆ ದನ, ಆಡು, ಕುರಿಯ ವ್ಯಾಪಾರ ಬಾಯಿಂದ ಆಗುವುದಿಲ್ಲ. ಟಾವೆಲ್ಲಿನ ಕೆಳಗೆ ಆಗುತ್ತದೆ. ಕೊಳ್ಳುವವ, ಮಾರುವವ ಇಬ್ಬರೂ ಕೈಕುಲುಕಿದ ಹಾಗೆ ಹಿಡಿದು ಮೇಲೆ ಟಾವೆಲ್ ಹೊದಿಸುತ್ತಾರೆ. ಒಳಗೆ ಬೆರಳುಗಳು ಬೆಲೆ ಮಾತಾಡುತ್ತವೆ. ಸುತ್ತ ನಿಂತವರಿಗೆ ಟಾವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಮಾಮು ಒಬ್ಬ ಕುರುಬರ ಹಿರಿಯನ ಜೊತೆ ಹಾಗೆ ಹಿಡಿದು ನಿಂತಿದ್ದ. ಸರ್ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ವ್ಯಾಪಾರ ಮುಗಿದ ಮೇಲೆ ಕೇಳಿದರು: "ಅಂವ ಬೆರಳು ಒತ್ತತಾನ, ನಿಮಗ ತಿಳೀತದ. ಅಷ್ಟ ಅಲ್ಲೇನ್ರಿ?"

"ಅಷ್ಟಕ್ಕ ಹ್ಯಾಂಗ ಆಗ್ತೈತ್ರಿ?" ಮಾಮು ಅವರ ಕೈಯನ್ನೇ ಹಿಡಿದು ಟಾವೆಲ್ ಹೊದಿಸಿದ. "ಈಗ ಒತ್ರಿ... ಒತ್ತಿದ್ರಿ. ನಾ ತಿರುಗಿ ಒತ್ತದಿದ್ರ ನಿಮಗ ಹ್ಯಾಂಗ ಗೊತ್ತಾಗಬೇಕು ನನಗ ಮುಟ್ಟೇತಿ ಅಂತ? ಒತ್ತಿದ ಮ್ಯಾಲ ತಿರುಗಿ ಒತ್ತಬೇಕು. ಇಲ್ಲಂದ್ರ ಯವ್ವಾರ ಕೆಟ್ಟಂಗ."

ಸರ್ ಕೈ ಬಿಡಲೇ ಇಲ್ಲ. ಮಾಮು ಎರಡು ಸಲ ಎಳೆದುಕೊಳ್ಳಲು ನೋಡಿದ. ಆಮೇಲೆ ಸರ್ ನನ್ನ ಕಡೆ ತಿರುಗಿ, ದನಿ ಇಳಿಸಿ, ಏನೋ ಕದ್ದವರ ಹಾಗೆ ಅಂದರು: "ಟೊಂಗಿ ಮೈಗೆ ಒತ್ತತಾವು. ಮೈ ತಿರುಗಿ ಟೊಂಗಿಗೆ ಒತ್ತತದೋ ಏನೋ? ಮುಟ್ಟೇತಿ ಅಂತ? ಯಾರ ಮಾತು ಹಿಡಿಸ್ತು, ಯಾರದ್ದು ಹಿಡಿಸಲಿಲ್ಲ ಅಂತ?"

"ಸಾದೃಶ್ಯ ಪುರಾವೆ ಅಲ್ರಿ ಸರ್" ಅಂದೆ ನಾನು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮೇಲೆ ಬಿಡಲು ಸದಾ ಸಾಣೆ ಹಿಡಿದಿಟ್ಟುಕೊಂಡ ಸಾಲು ಅದು.

"ಅಲ್ಲ. ಖರೇ. ಆದ್ರ ಪ್ರಶ್ನಿ ಹುಟ್ಟಾಕ ಅದು ಸಾಕಲ್ಲ?"

ಆ ವರ್ಷ ಮುದ್ದೇಬಿಹಾಳದಲ್ಲಿ ನಡೆದ ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಬೇರೆ ಯಾವ ಮಾಸ್ತರರೂ ಒಬ್ಬಳೇ ಹುಡುಗಿಯನ್ನು ಅಷ್ಟು ದೂರ ಕರೆದೊಯ್ಯುವ ಜವಾಬ್ದಾರಿಗೆ ತಯಾರಿರಲಿಲ್ಲ. ಮಾಮಿ, ಅಂದರೆ ಮಾಮುವಿನ ಹೆಂಡತಿ, ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದರು. ಮೊದಲ ಬಹುಮಾನದ ಢಾಲು ಗೆದ್ದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೀಗುತ್ತ ಬರುವಾಗ ಮುಂದಿನ ಸೀಟಿನಿಂದ ಸರ್ ತಿರುಗಿ ಕೇಳಿದರು: "ನೀ ಗೆದ್ದ ಪಕ್ಷ ಖರೇ ಇತ್ತೇನು?"

ಆ ಸಲದ ವಿಷಯ ಏನಿತ್ತೋ ಮರೆತಿದ್ದೇನೆ. "ಚೀಟಿ ಎತ್ತಿದಾಗ ಬಂದಿದ್ದು ಅದು. ಬ್ಯಾರೇದು ಬಂದಿದ್ರ ಅದನ್ನೂ ಗೆಲ್ಲಸ್ತಿದ್ದೆ" ಅಂದೆ.

ಅವರು ನಕ್ಕರು. ಮಾಮಿ ಕೊಟ್ಟ ಶೇಂಗಾ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಆ ನಗುವಿನಲ್ಲಿ ಏನಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ.

ಆಮೇಲೆ ಕಾಲೇಜಿನ ವಿಜ್ಞಾನ ಪ್ರದರ್ಶನ ಬಂತು. ದೊಡ್ಡ ಊರಿನ ವೈದ್ಯಕೀಯ ಕಾಲೇಜೊಂದರ ಮುಖ್ಯಸ್ಥರು ಅತಿಥಿ. ಪ್ರಿನ್ಸಿಪಾಲರು ಹಿಂದಿನ ದಿನವೇ ತರಗತಿಗೆ ಬಂದು ಹೇಳಿಹೋಗಿದ್ದರು: ಅತಿಥಿಗಳಿಗೆ ನಮ್ಮ ಸರ್ ಕೆಲಸ ಮನಸ್ಸಿಗೆ ಬಂದರೆ ಎರಡು ವರ್ಷ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಳ್ಳುತ್ತಾರೆ, ಕಾಲೇಜು ರಜೆ ಕೊಡುತ್ತದೆ, ಎಲ್ಲರೂ ಶಿಸ್ತಾಗಿರಿ. ಅಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಇತ್ತು, ಜೀವಂತ ಕೋಶಕ್ಕೆ ಸೂಜಿಯಿಟ್ಟು ಕೇಳುವ ಯಂತ್ರ ಇತ್ತು. ಮೈ ತಿರುಗಿ ಒತ್ತುತ್ತದೋ ಇಲ್ಲವೋ ಎಂದು ಕೇಳಬಹುದಾದ ಜಾಗ ಅದು. ದನದ ಕೊಟ್ಟಿಗೆಯಲ್ಲಿ ಅದು ಆಗುವ ಕೆಲಸವಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಕಾಲೇಜಿನ ಒಂದೇ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಕಪಾಟಿನಿಂದ ತೆಗೆಸಿ ಸರ್ ತಮ್ಮ ಅತ್ಯುತ್ತಮ ಗಾಜನ್ನು ಇಟ್ಟಿದ್ದರು. ಹಿಂದಿನ ದಿನ ನನಗೆ ತೋರಿಸಿದ್ದರು. ಜೇನುತುಪ್ಪದ ಬಣ್ಣದ ಬಯಲಿನಲ್ಲಿ ಒಂದೇ ಒಂದು ಕಪ್ಪು ಗಿಡ. ಮೂರು ಮೂಲೆಯ ಮೈ, ಮೇಲಕ್ಕೆ ಹೋದ ಒಂದು ಉದ್ದ ಕಾಂಡ, ಸುತ್ತ ಟೊಂಗಿಗಳು. ಟೊಂಗಿಗಳ ಉದ್ದಕ್ಕೂ ಒತ್ತೊತ್ತಾಗಿ ಸಣ್ಣ ಸಣ್ಣ ಮುಳ್ಳು. ಆ ಮುಳ್ಳುಗಳೇ ಪಿಸುಮಾತು ಬಂದು ಮುಟ್ಟುವ ಜಾಗ, ಒಂದೊಂದು ಮುಳ್ಳು ಒಂದೊಂದು ಕಿವಿ ಎಂದು ಸರ್ ಹೇಳಿದ್ದರು. ಅವರ ಇಡೀ ವಾದ ಆ ಮುಳ್ಳುಗಳ ಮೇಲೆ ನಿಂತಿತ್ತು.

ಅತಿಥಿಗಳು ಬಗ್ಗಿ ನೋಡಿ, ಚೆನ್ನಾಗಿದೆ ಎಂದರು. ಸರ್ ಇಂಗ್ಲಿಷಿನಲ್ಲಿ ತಡವರಿಸುತ್ತ ವಿವರಿಸಿದರು. ಮುಖ ಬೆವರಿತ್ತು, ಆದರೆ ಅಷ್ಟು ಖುಷಿಯಲ್ಲಿ ನಾನು ಅವರನ್ನು ನೋಡಿರಲಿಲ್ಲ. ಕೊನೆಗೆ ಅತಿಥಿಗಳು ನಮ್ಮ ಕಡೆ ತಿರುಗಿ, "ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದರು. ಮೇಜಿನ ಮೇಲೆ ಮುದ್ದೇಬಿಹಾಳದ ಢಾಲು ಹೊಳೆಯುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಹಾಗೆ ನೋಡಿದಾಗ ನಾನು ಯಾವತ್ತೂ ಕೂತವಳಲ್ಲ.

"ಸರ್, ಸಿಲ್ವರ್ ನೈಟ್ರೇಟು ಎಲ್ಲಿ ಬಿದ್ದರೆ ಅಲ್ಲಿ ಕಪ್ಪಾಗುತ್ತದೆ. ಟೊಂಗಿಯ ಮೇಲಿನ ಈ ಚುಕ್ಕೆಗಳು ನಿಜವಾಗಿ ಕೋಶದ ಭಾಗವೋ, ಅಥವಾ ತಮ್ಮ ಬೆರಳಿನ ಮೇಲಿನ ಕಲೆಗಳಂತೆ ಬರೀ ಬೆಳ್ಳಿಯ ಕಸವೋ? ಕಸವಲ್ಲ ಎನ್ನಲು ಏನು ಪುರಾವೆ?"

ಮೊದಲು ಅತಿಥಿಗಳು ನಕ್ಕರು. ಆಮೇಲೆ ಪ್ರಿನ್ಸಿಪಾಲರು, ಆಮೇಲೆ ಎಲ್ಲರೂ. ಎಲ್ಲರ ಕಣ್ಣು ಸರ್ ಬೆರಳುಗಳ ಮೇಲೆ ಹೋಯಿತು. ಅವರು ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ತೆಗೆದುಕೊಂಡರು. ಎಷ್ಟೋ ಢಾಲು ಗೆದ್ದಿದ್ದೇನೆ, ಎಷ್ಟೋ ಚಪ್ಪಾಳೆ ಕೇಳಿದ್ದೇನೆ. ಆ ಕೈಗಳು ಹಿಂದೆ ಹೋದದ್ದು ಮಾತ್ರ...

ಏನಾದರೊಂದು ಹೇಳಿ ತೇಲಿಸಬಹುದಿತ್ತು. "ದೊಡ್ಡ ಪುಸ್ತಕಗಳಲ್ಲಿ ಹಾಗೇ ಇದೆ" ಎಂದಿದ್ದರೂ ಸಾಕಿತ್ತು. ಸರ್ ಗಾಜಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಒಳ್ಳೇ ಪ್ರಶ್ನೆ. ಪುಸ್ತಕದಲ್ಲಿ ಮುಳ್ಳು ಅಂತಿದೆ. ಕಸ ಅಲ್ಲ ಅಂತ ನಾನಾಗಿ ತೋರಿಸೋದಕ್ಕೆ ಈಗ ನನಗೆ ಬರೋದಿಲ್ಲ" ಎಂದರು.

ಅತಿಥಿಗಳಿಗೆ ಉತ್ತರ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೇಳಲಿಲ್ಲ. ಕಾರು ಹತ್ತುವಾಗ ಪ್ರಿನ್ಸಿಪಾಲರಿಗೆ ಹೇಳಿದ್ದನ್ನು ಮಾತ್ರ ಬಾಗಿಲಲ್ಲಿ ನಿಂತ ನಾನು ಕೇಳಿದೆ: "ಹುಡುಗಿ ಚುರುಕಾಗಿದ್ದಾಳೆ. ನಿಮ್ಮ ಲೆಕ್ಚರರಿಗೆ ಇನ್ನೂ ಸ್ವಲ್ಪ ತಯಾರಿ ಬೇಕು."

ಎರಡು ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಜ್ವರ ಎಂದೆ. ಮಾಮಿ ಹಣೆ ಮುಟ್ಟಿ ನೋಡಿ ಹೊದಿಕೆ ಸರಿಮಾಡಿ ಹೋದರು. ಮಾಮು ಮಾತ್ರ, "ಬೆಳ್ಳಿ ಮಾಸ್ತರ್ರ ಕುತಗೀಗೆ ಕತ್ತಿ ಇಟ್ಟು ಬಂದೀಯಂತಲ್ಲ, ನಮ್ಮ ಅಂಗಡ್ಯಾಗ ಕುಂದರ್ತಿಯೇನು?" ಅಂದ. ಅವನ ಚೇಷ್ಟೆಗೆ ಅತ್ತದ್ದು ಅದೊಂದೇ ಸಲ.

ಮೂರನೆಯ ದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಮುಂದೆ ಒಂದು ಕಡಲೆ ಲಾರಿ ನಿಂತಿತು. ಮೇಲಿಂದ ಸರ್ ಇಳಿದರು. ತಲೆಯಿಂದ ಕಾಲಿನವರೆಗೆ ಧೂಳು. ಊರಿಗೆ ಹೊರಟವರು. ಬಾಗೇವಾಡಿ ಬಸ್ಸು ಹೂವಿನ ಹಿಪ್ಪರಗಿಯಲ್ಲಿ ನಿಂತಾಗ ಕಿಟಕಿಯಿಂದ ಏನೋ ನೋಡಿ, ಅರ್ಧ ದಾರಿಯಲ್ಲೇ ಇಳಿದು, ಸಿಕ್ಕ ಲಾರಿ ಹತ್ತಿ ವಾಪಸು ಬಂದಿದ್ದರು.

"ಎಲ್ಲಿ ನಮ್ಮ ಎದುರು ಪಕ್ಷ?" ಎಂದು ಒಳಗೇ ಬಂದರು. ಮಾಂಸ ತೂಗುಹಾಕಿದ ಅಂಗಡಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು; ಅದು ಅವರ ಗಮನಕ್ಕೇ ಬರಲಿಲ್ಲ. "ಏ ಹುಡುಗಿ, ಜಾಲಿ ಗಿಡ ನೋಡೀಯೇನು? ರಸ್ತೆ ಬಾಜೂದ್ದು?"

"ನೋಡೇನ್ರಿ."

"ಅದರ ಮ್ಯಾಲ ಧೂಳು ಎಲ್ಲಿ ಕುಂತಿರ್ತದ?"

"ಎಲ್ಲಾ ಕಡೆ."

"ಬೊಡ್ಡಿ ಮ್ಯಾಲ?"

"ಅಲ್ಲೂ."

"ಮುಳ್ಳು?"

"ಟೊಂಗಿಗಷ್ಟ!" ಸರ್ ಕೂಗಿಯೇಬಿಟ್ಟರು, ಮಟನ್ ಕೊಳ್ಳಲು ಬಂದವರು ತಿರುಗಿ ನೋಡಿದರು. "ಧೂಳು ಎಲ್ಲಾ ಕಡೆ, ಮುಳ್ಳು ಟೊಂಗಿಗಷ್ಟ. ಕಸ ಇದ್ದಿದ್ರ ಮೈ ಮ್ಯಾಲೂ ಬೀಳಬೇಕಾಗಿತ್ತಲ್ಲ? ಕಸಕ್ಕ ಆರಿಸಿ ಆರಿಸಿ ಬೀಳೂ ಬುದ್ಧಿ ಇರ್ತದೇನವ್ವಾ?"

ಅಭ್ಯಾಸಬಲ. "ಸಾದೃಶ್ಯ ಪುರಾವೆ ಅಲ್ರಿ ಸರ್" ಅಂದೆ, ಆದರೆ ದನಿ ನನ್ನದಾಗಿರಲಿಲ್ಲ.

"ಗಿಡ ಸಾದೃಶ್ಯ. ಗಾಜಿನ ಮ್ಯಾಲ ಇರೂದು ಪುರಾವೆ. ನಡಿ, ನೋಡೂಣು."

ಪ್ರಿನ್ಸಿಪಾಲರ ಮನೆಗೆ ಹೋಗಿ ಕೀಲಿ ತಂದರು. ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಮೊದಲ ನೀ ನೋಡು. ನಾ ನೋಡಿದ್ರ ನನಗ ಬೇಕಾದ್ದು ಕಾಣ್ತದ" ಅಂದರು. ನೋಡಿದೆ. ಟೊಂಗಿಗಳ ತುಂಬ ಮುಳ್ಳು. ಕಣ್ಣನ್ನು ಟೊಂಗಿಯ ಗುಂಟ ಬುಡಕ್ಕೆ ತಂದೆ. ಬುಡ ಸಮೀಪಿಸಿದಂತೆ ಮುಳ್ಳು ವಿರಳವಾಗುತ್ತ ಬಂತು. ಮೈ... ಮೈ ನುಣ್ಣಗಿತ್ತು. ಕಡೆದು ಒರೆಸಿಟ್ಟ ಹಾಗೆ. ಮೈಯ ಬುಡದಿಂದ ಇಳಿದ ಒಂದು ತೆಳು ಎಳೆಯೂ ನುಣ್ಣಗೆ. ಪಕ್ಕದ ಇನ್ನೊಂದು ಕೋಶ ಹುಡುಕಿದೆ, ಅಲ್ಲೂ ಹಾಗೇ. ಪ್ರದರ್ಶನದ ದಿನ ಎಲ್ಲರೆದುರು ಪುರಾವೆ ಕೇಳಿದಾಗ ಉತ್ತರ ಆ ಗಾಜಿನ ಮೇಲೆಯೇ ಕೂತಿತ್ತು. ಹಿಂದಿನ ದಿನ ನಾನೇ ಅದನ್ನು ಕಣ್ಣಾರೆ ಕಂಡಿದ್ದೆ. ನೋಡಿರಲಿಲ್ಲ, ಅಷ್ಟೇ. ನಾನು ಪ್ರಶ್ನೆಯನ್ನು ನೋಡುತ್ತಿದ್ದೆ.

"ಸೋತೇನ್ರಿ ಸರ್."

"ಸೋಲೂದು ಗೆಲ್ಲೂದು ಮುದ್ದೇಬಿಹಾಳದಾಗ. ಇಲ್ಲಿ ಇಬ್ಬರಿಗೂ ತಿಳೀತು." ಕಪ್ಪು ಬೆರಳುಗಳಿಂದ ಮುಖದ ಧೂಳು ಒರೆಸಿಕೊಂಡರು. "ನೀ ಕೇಳದಿದ್ರ ನಾ ಸಾಯೂತನಕ ಪುಸ್ತಕ ನಂಬಿಕೊಂಡು ಕುಂದರ್ತಿದ್ದೆ."

ಆ ಅತಿಥಿಗಳಿಗೆ ಪತ್ರ ಬರೆಯಿರಿ ಎಂದು ಹಟ ಹಿಡಿದವಳು ನಾನೇ. ಕೂತು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆವು. ಜಾಲಿ ಗಿಡವನ್ನು ಹಾಕಬೇಕೆಂದು ಅವರು, ಬೇಡವೆಂದು ನಾನು. ಕೊನೆಗೆ ಜಾಲಿ ಉಳಿಯಿತು. ಉತ್ತರ ಬರಲಿಲ್ಲ. ತಿಂಗಳು, ಎರಡು ತಿಂಗಳು... ಪರೀಕ್ಷೆ ಬಂದುಹೋಯಿತು. ಪೋಸ್ಟಿನವನನ್ನು ದಿನಾ ಕೇಳುತ್ತಿದ್ದವಳು ನಾನು, ಸರ್ ಕೇಳುತ್ತಿರಲಿಲ್ಲ. "ಇಷ್ಟು ದೊಡ್ಡವರು ನಾಲ್ಕು ಸಾಲು ಬರೀಬಾರದೇನ್ರಿ? ಮುಟ್ಟಿತು ಅಂತಾದ್ರೂ?" ಎಂದು ಸಿಟ್ಟಾಗುತ್ತಿದ್ದೆ. ಅವರು ಕೊಟ್ಟಿಗೆಗೆ ಹೋಗಿ ಇನ್ನೊಂದು ಚೂರನ್ನು ಕಿತ್ತಳೆ ನೀರಿಗೆ ಹಾಕುತ್ತಿದ್ದರು. ಅವರ ಎರಡು ವರ್ಷದ ರಜೆ, ಆ ಯಂತ್ರ, ಆ ಸೂಜಿ, ಎಲ್ಲ ನನ್ನ ಒಂದು ವಾಕ್ಯದಲ್ಲಿ ಹೋಗಿದ್ದವು. ಅದರ ಬಗ್ಗೆ ಅವರು ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ವಾದಿಸಬಹುದಿತ್ತು.

ನನಗೆ ಮೆಡಿಕಲ್ ಸೀಟು ಸಿಕ್ಕಿತು. ಮೊದಲ ವರ್ಷವೇ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕ ತೆರೆದಾಗ ಒಂದೇ ಸಾಲಿನಲ್ಲಿತ್ತು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಮುಳ್ಳುಗಳ ಬಗ್ಗೆ ಸಂಶಯ ಉಳಿದಿಲ್ಲ ಎಂದು. ಎಷ್ಟೋ ವರ್ಷಗಳ ಹಿಂದೆಯೇ ತೀರಿಹೋಗಿದ್ದ ವ್ಯಾಜ್ಯ ಅದು. ಆ ಸಾಲು ಸಿಂದಗಿಗೆ ಬಂದಿರಲಿಲ್ಲ. ಅವರು ಅದನ್ನು ಹೂವಿನ ಹಿಪ್ಪರಗಿಯ ಬಸ್ ಸ್ಟಾಪಿನಲ್ಲಿ, ಒಂದು ಗಿಡದಿಂದ, ತಾವೇ ಕಂಡುಕೊಂಡಿದ್ದರು.

ಮೂರನೆಯ ವರ್ಷದಲ್ಲಿದ್ದಾಗ ಅವರದೊಂದು ಕಾರ್ಡು ಬಂತು. ಮೈಯಲ್ಲಿ ಸ್ವಲ್ಪ ಅರಾಮಿಲ್ಲ, ಊರಲ್ಲಿದ್ದೇನೆ, ಗಿಡಮೂಲಿಕೆ ಕುಡಿಸುತ್ತಿದ್ದಾರೆ ಎಂದು ಒಂದು ಸಾಲು. ಉಳಿದದ್ದೆಲ್ಲ ಪ್ರಶ್ನೆ: "ನಿಮ್ಮ ಲೈಬ್ರರಿಯಲ್ಲಿ ಮೈ ತಿರುಗಿ ಒತ್ತುವ ವಿಷಯ ಏನಾದರೂ ಐತೇನು ನೋಡಿ ತಿಳಿಸು. ಇಲ್ಲ ಅಂತಿದ್ದರೆ ಇಲ್ಲ ಅಂತ ತಿಳಿಸು." ನನಗೆ ಪರೀಕ್ಷೆಯಿತ್ತು. ಚೆನ್ನಾಗಿ ಹುಡುಕಿ, ಅವರು ತಲೆದೂಗುವಂಥ ಉದ್ದದ ಉತ್ತರ ಬರೆಯಬೇಕು ಎಂದುಕೊಂಡು ಕಾರ್ಡನ್ನು ಪುಸ್ತಕದೊಳಗಿಟ್ಟೆ. ಪರೀಕ್ಷೆ ಮುಗಿಸಿ ಇಂಡಿಗೆ ಹೋದಾಗ ಅಮ್ಮ ಹೇಳಿದಳು. ಕಾಮಾಲೆಯಂತೆ. ಸರ್ ಹೋಗಿ ತಿಂಗಳ ಮೇಲಾಗಿತ್ತು.

ನಾಲ್ಕು ಸಾಲು ಬರೀಬಾರದೇನು ಎಂದು ಇನ್ನೊಬ್ಬರ ಮೇಲೆ ಸಿಟ್ಟಾಗಿದ್ದವಳು ನಾನೇ. ಪರೀಕ್ಷೆ ಇತ್ತು ಎಂಬ ವಾದವನ್ನು ಎದುರಾಳಿ ತಂದಿದ್ದರೆ ಅರ್ಧ ನಿಮಿಷದಲ್ಲಿ ಚಿಂದಿ ಮಾಡುತ್ತಿದ್ದೆ.

ಹಾಗಾಗಿ ಡಬ್ಬಿಯಲ್ಲಿದ್ದ ಚೀಟಿಯನ್ನು ನಾನು ಕೂಡಲೇ ಓದಲಿಲ್ಲ. ಎರಡು ದಿನ ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಈಗ ನಾನು ಈ ಆಸ್ಪತ್ರೆಯ ಮೆಡಿಕಲ್ ಕಾಲೇಜಿನಲ್ಲೇ ಶರೀರಕ್ರಿಯಾಶಾಸ್ತ್ರದ ಟ್ಯೂಟರ್. ನಮ್ಮಲ್ಲಿ ಒಳ್ಳೆಯ ಸೂಕ್ಷ್ಮದರ್ಶಕಗಳಿವೆ. ಗಾಜನ್ನು ಮೊದಲು ಅದರ ಕೆಳಗಿಟ್ಟು ನೋಡಿದೆ. ಹಳದಿ ಕಂದಾಗಿದೆ, ಅಂಚಿನಲ್ಲಿ ಬಿರುಕು ಬಿದ್ದಿದೆ. ಗಿಡ ಹಾಗೇ ನಿಂತಿದೆ. ಟೊಂಗಿಗೆ ಮುಳ್ಳು, ಮೈ ನುಣುಪು.

ಚೀಟಿಯನ್ನು ಮಾಮುವಿನ ಮಂಚದ ಹತ್ತಿರ ಕೂತು ಓದಿದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಇನ್ನೊಂದನ್ನು ಅವನೇ ಮುಚ್ಚಿಕೊಂಡಿದ್ದ.

"ಏನ ಬರದಾರ?"

ಓದಿ ಹೇಳಿದೆ. "ಎದುರು ಪಕ್ಷಕ್ಕ. ಒಂದನೇ ಪ್ರಶ್ನಿ ಮುಗೀತು. ಎರಡನೇದಕ್ಕ ನಿನ್ನ ಸರದಿ."

"ಎರಡನೇದು ಯಾವುದು?"

"ನೀ ಹೇಳಿಕೊಟ್ಟಿದ್ದ ಮಾಮು. ಸಂತ್ಯಾಗ."

ಅವನಿಗೆ ನೆನಪಾಯಿತು. ಆಮೇಲೆ ತಡಕಾಡಿ, ದಿಂಬಿನ ಪಕ್ಕದಲ್ಲಿದ್ದ ಕೆಂಪು ಅಂಚಿನ ಟಾವೆಲ್ ಎಳೆದುಕೊಂಡು, ನನ್ನ ಕೈ ಹಿಡಿದು ಅದರ ಮೇಲೆ ಹೊದಿಸಿದ. ಒತ್ತಿದ. ಕಾದ.

ಮೈ ಟೊಂಗಿಗೆ ತಿರುಗಿ ಒತ್ತುತ್ತದೆಯೇ? ನನಗೆ ಗೊತ್ತಿಲ್ಲ. ಸರ್ ಹೇಳಿದ್ದು ಸರಿಯಿತ್ತು ಎಂದು ನಾನು ಬರೆಯುವುದಿಲ್ಲ. ಹಾಗೆ ಬರೆದರೆ ಅವರಿಗೇ ಸಿಟ್ಟು ಬರುತ್ತಿತ್ತು. ಗ್ರಂಥಾಲಯ ಹುಡುಕಿದ್ದೇನೆ. ಕೆಲವರು ಹೌದೆನ್ನುವಂತೆ ಬರೆದಿದ್ದಾರೆ, ಕೆಲವರು ಇಲ್ಲವೆನ್ನುವಂತೆ. ನಾಲ್ಕು ವರ್ಷದ ಹಿಂದೆಯೇ ಒಂದು ಕಾರ್ಡಿನ ಮೇಲೆ ಬರೆದು ಕಳಿಸಬಹುದಾಗಿದ್ದ ಉತ್ತರ ಅದು. ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಆ ಸೂಜಿಯ ಯಂತ್ರ ಕೇಳಿಕೊಂಡಿದ್ದೇನೆ. ಕೊಡುತ್ತಾರೋ ಇಲ್ಲವೋ.

ಟಾವೆಲ್ಲಿನ ಕೆಳಗೆ ನಾನು ಮಾಮುವಿನ ಬೆರಳನ್ನು ತಿರುಗಿ ಒತ್ತಿದೆ. "ಹಾಂ, ಮುಟ್ಟಿತು" ಅಂದ ಮಾಮು, ಕಣ್ಣು ತೆರೆಯದೆ.

ಸಾದೃಶ್ಯ ಪುರಾವೆಯಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಹೇಳಲು ಎದುರಿಗೆ ಸರ್ ಇರಲಿಲ್ಲ.